ಹೆಸರು ಬೇಡದ ಲೆಕ್ಕ: ಲೈಂಗಿಕ ರೋಗಗಳ ಎಣಿಕೆಯ ಇತಿಹಾಸ



ಮಲೇರಿಯಾ ಬಂದವರು ಆಸ್ಪತ್ರೆಗೆ ಹೋಗಲು ನಾಚುವುದಿಲ್ಲ. ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಲ್ಲಿ ರೋಗದ ನೋವಿಗಿಂತ ಮಾನ ಹೋಗುವ ಭಯವೇ ದೊಡ್ಡದು. ಗಂಡನಿಂದ ರೋಗ ತಗಲಿದ ಹೆಂಡತಿ, ತಾಯಿಯಿಂದ ಅದನ್ನು ಪಡೆದ ಹಸುಗೂಸು ಕೂಡ ಈ ಅಪವಾದದಿಂದ ಪಾರಾಗುವುದಿಲ್ಲ. ಜನರು ಮುಚ್ಚಿಡುವ ರೋಗವನ್ನು ಸರಕಾರ ಎಣಿಸುವುದು ಹೇಗೆ? ಎಣಿಸದಿದ್ದರೆ ಔಷಧ, ಹಣ, ವೈದ್ಯರನ್ನು ಎಲ್ಲಿಗೆ ಕಳುಹಿಸುವುದು? ಈ ಪ್ರಶ್ನೆಗೆ ಬಹಳ ಹಳೆಯ ಇತಿಹಾಸವಿದೆ.

19ನೆಯ ಶತಮಾನದಲ್ಲಿ ಬ್ರಿಟಿಷರು ಭಾರತದಲ್ಲಿ ಈ ಲೆಕ್ಕ ಇಟ್ಟದ್ದು ಮುಖ್ಯವಾಗಿ ತಮ್ಮ ಸೈನಿಕರ ಸಲುವಾಗಿ. ಸಾವಿರ ಸೈನಿಕರಲ್ಲಿ ಎಷ್ಟು ಮಂದಿ ಈ ರೋಗಗಳಿಂದ ಆಸ್ಪತ್ರೆ ಸೇರಿದರೆಂದು ವರ್ಷ ವರ್ಷವೂ ಬರೆದಿಡುತ್ತಿದ್ದರು. ಆದರೆ ತಪ್ಪು ಹೊರಿಸಿದ್ದು ಹೆಂಗಸರ ಮೇಲೆ. 1868ರ ಕಾಯ್ದೆಯ ಪ್ರಕಾರ ವೇಶ್ಯೆಯರು ಹೆಸರು ನೋಂದಾಯಿಸಿ, ನಿಗದಿತ ಸಮಯಕ್ಕೆ ವೈದ್ಯರ ಮುಂದೆ ಹಾಜರಾಗಬೇಕಿತ್ತು. ರೋಗ ಕಂಡರೆ ‘ಲಾಕ್ ಆಸ್ಪತ್ರೆ’ ಎಂಬಲ್ಲಿ ಅವರನ್ನು ಬಲವಂತವಾಗಿ ಇರಿಸುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಇಂತಹ ಆಸ್ಪತ್ರೆ ಇತ್ತು.

ಪರಿಣಾಮವೇನಾಯಿತು? ಹೆಂಗಸರು ನೋಂದಣಿಯಿಂದ ತಪ್ಪಿಸಿಕೊಂಡರು. ವೈದ್ಯರ ಬಳಿ ಖಚಿತ ಪರೀಕ್ಷೆಯೂ ಇರಲಿಲ್ಲ. ಗೊನೋರಿಯಾದ ರೋಗಾಣು ಪತ್ತೆಯಾದದ್ದು 1879ರಲ್ಲಿ, ಸಿಫಿಲಿಸ್‌ನದು 1905ರಲ್ಲಿ. ಸಿಫಿಲಿಸ್‌ಗೆ ವಾಸರ್‌ಮನ್ ರಕ್ತಪರೀಕ್ಷೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ಕಣ್ಣಿಗೆ ಕಂಡದ್ದೇ ಲೆಕ್ಕ. ಬ್ರಿಟನ್ನಿನಲ್ಲಿದ್ದ ಇಂತಹುದೇ ಕಾಯ್ದೆಗಳ ವಿರುದ್ಧ ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ದೀರ್ಘಕಾಲ ಹೋರಾಡಿದರು. ಅಲ್ಲಿ 1886ರಲ್ಲಿ, ಇಲ್ಲಿ 1888ರಲ್ಲಿ ಅವು ರದ್ದಾದವು.

1913ರಲ್ಲಿ ಬ್ರಿಟನ್ ಈ ಸಮಸ್ಯೆಯ ಅಧ್ಯಯನಕ್ಕೆ ರಾಯಲ್ ಕಮಿಷನ್ ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ಸಿಡೆನ್‌ಹ್ಯಾಮ್ ಅದಕ್ಕೆ ಮುನ್ನ ಮುಂಬಯಿಯ ಗವರ್ನರ್ ಆಗಿದ್ದವರು. 1916ರ ವರದಿಯಲ್ಲಿ ಆಯೋಗ ಹಳೆಯ ದಾರಿಯನ್ನು ಬಿಟ್ಟಿತು. ರೋಗಿಗಳ ಹೆಸರನ್ನು ಕಡ್ಡಾಯವಾಗಿ ಸರಕಾರಕ್ಕೆ ತಿಳಿಸುವ ಪದ್ಧತಿ ಬೇಡ, ಅದರಿಂದ ಅವರು ಚಿಕಿತ್ಸೆಗೇ ಬರುವುದಿಲ್ಲ ಎಂದಿತು. ಬದಲಾಗಿ ಉಚಿತವಾದ, ಗುಟ್ಟು ಕಾಪಾಡುವ ಚಿಕಿತ್ಸಾಲಯಗಳು ಬೇಕೆಂದಿತು. ಅವು ಸ್ಥಾಪನೆಯಾದವು, ಅಲ್ಲಿಗೆ ಬಂದವರ ಸಂಖ್ಯೆಯೇ ಮುಂದೆ ದೇಶದ ಲೆಕ್ಕಕ್ಕೆ ಆಧಾರವಾಯಿತು.

ಈಗ ನಮ್ಮ ಕಾಲಕ್ಕೆ ಬನ್ನಿ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ ಎಚ್‌ಐವಿ ಸೋಂಕನ್ನು ಪತ್ತೆಹಚ್ಚಿದರು. ದೇಶದಲ್ಲಿ ಅದೇ ಮೊದಲು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. 1998ರಿಂದ ದೇಶವ್ಯಾಪಿ ‘ಸೆಂಟಿನೆಲ್ ಸಮೀಕ್ಷೆ’ ಆರಂಭವಾಯಿತು. ಸೆಂಟಿನೆಲ್ ಎಂದರೆ ಕಾವಲುಗಾರ. ಅಂದರೆ ಎಲ್ಲರನ್ನೂ ಪರೀಕ್ಷಿಸದೆ, ಆಯ್ದ ಕೇಂದ್ರಗಳಲ್ಲಿ ಕಾವಲು ನಿಂತು ನೋಡುವುದು.

ಅದರ ವಿಧಾನ ಹೀಗಿತ್ತು. ಗರ್ಭಿಣಿಯರ ತಪಾಸಣೆಯಲ್ಲಿ ಸಿಫಿಲಿಸ್ ಪರೀಕ್ಷೆಗೆಂದು ರಕ್ತ ತೆಗೆಯುತ್ತಾರೆ. ಉಳಿದ ರಕ್ತದಿಂದ ಹೆಸರು, ಗುರುತು ಎಲ್ಲವನ್ನೂ ತೆಗೆದುಹಾಕಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದರು. ಪ್ರತಿ ಕೇಂದ್ರದಿಂದ 400 ಮಾದರಿ. ಯಾರ ಮಾನಕ್ಕೂ ಕುಂದಿಲ್ಲ, ಲೆಕ್ಕವೂ ಸಿಕ್ಕಿತು. ಆದರೆ ಒಂದು ಕೊರತೆ ಇತ್ತು. ಸೋಂಕು ಕಂಡರೂ ಆ ತಾಯಿಗೆ ತಿಳಿಸುವಂತಿರಲಿಲ್ಲ, ಆಕೆ ಯಾರೆಂದೇ ಗೊತ್ತಿರಲಿಲ್ಲ. ಆದ್ದರಿಂದ ಸ್ವಂತ ಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳುವ ಆಪ್ತ ಸಮಾಲೋಚನಾ ಕೇಂದ್ರಗಳು ಬೇರೆಯೇ ಬೇಕಾದವು.

ಲೆಕ್ಕ ಹೇಗೆ ತಪ್ಪಬಹುದೆಂಬುದಕ್ಕೂ ಇಲ್ಲಿ ಪಾಠವಿದೆ. 2005ರಲ್ಲಿ ದೇಶದಲ್ಲಿ 52 ಲಕ್ಷ ಸೋಂಕಿತರಿದ್ದಾರೆಂದು ಅಂದಾಜಿಸಲಾಗಿತ್ತು. ಜುಲೈ 2007ರಲ್ಲಿ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. ಅರ್ಧದಷ್ಟು ಜನ ಗುಣವಾದರೆಂದಲ್ಲ, ಎಣಿಸುವ ಕ್ರಮ ಸುಧಾರಿಸಿತ್ತು. 1998ರಲ್ಲಿ 176 ಇದ್ದ ಕೇಂದ್ರಗಳು 2006ಕ್ಕೆ 1,122 ಆಗಿದ್ದವು. ಜತೆಗೆ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ, ಒಪ್ಪಿಗೆ ಪಡೆದು, ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ರಕ್ತ ಪರೀಕ್ಷಿಸಿತ್ತು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿ ಇಡೀ ದೇಶವನ್ನು ಅಳೆದದ್ದರಿಂದ ಹಿಂದಿನ ಅಂಕಿ ಉಬ್ಬಿತ್ತು. ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ಆಗ ನಮ್ಮ ಕರ್ನಾಟಕವೂ ಒಂದಾಗಿತ್ತು ಎಂಬುದನ್ನು ಮರೆಯಬಾರದು.

ಇಂದು ಗುಟ್ಟು ಕಾಪಾಡುವುದು ಕೇವಲ ಸೌಜನ್ಯವಲ್ಲ, ಕಾನೂನು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಸೋಂಕಿತರ ವಿಷಯ ಬಯಲು ಮಾಡುವುದನ್ನೂ, ಕೆಲಸದಲ್ಲಿ ಶಾಲೆಯಲ್ಲಿ ಭೇದ ಮಾಡುವುದನ್ನೂ ಅದು ತಡೆಯುತ್ತದೆ.

ಓದುಗರೇ, ಲಾಕ್ ಆಸ್ಪತ್ರೆಯ ಬೀಗದಿಂದ ಸಿಗದ ಲೆಕ್ಕ ಭರವಸೆಯಿಂದ ಸಿಕ್ಕಿತು. ಆ ಭರವಸೆ ಉಳಿಸುವುದು ವೈದ್ಯರ ಕೆಲಸ ಮಾತ್ರವಲ್ಲ. ನಿಮ್ಮ ನೆರೆಯವರ ರೋಗದ ಬಗ್ಗೆ ಯಾರಾದರೂ ಪಿಸುಗುಟ್ಟಿದರೆ ಆ ಮಾತನ್ನು ನಿಮ್ಮಲ್ಲಿಗೇ ನಿಲ್ಲಿಸಿ. ಅದನ್ನು ಕೇಳಿ ಹೆದರುವ ಇನ್ನೊಬ್ಬರು ಪರೀಕ್ಷೆಗೆ ಹೋಗದೆ ಉಳಿಯಬಹುದು.