ಕೆಸರುಗದ್ದೆಯ ನೇಗಿಲು, ನೊಗ, ಹಲಗೆ

ಯುರೋಪಿನ ಹೊಲಗಳಲ್ಲಿ ಕುದುರೆಗಳು ಕಬ್ಬಿಣದ ನೇಗಿಲು ಎಳೆದವು. ಉಡುಪಿ ಬಳಿಯ ಪರ್ಕಳದ ಸುತ್ತಲಿನ ತಗ್ಗಿನ ಬೈಲು, ನಡುಮಟ್ಟದ ಮಜಲು ಗದ್ದೆಗಳಲ್ಲಿ ಮರದ ನೇಗಿಲು ಎಳೆದದ್ದು ಕೋಣ, ಎತ್ತುಗಳು. ಈ ಮರದ ನೇಗಿಲನ್ನು ಹಿಂದುಳಿದ ಸಾಧನ ಎನ್ನುವುದು ತಪ್ಪು. ಇದು ಇಲ್ಲಿನ ಮಣ್ಣು, ಮಳೆಗಳನ್ನು ಅರಿತು ರೂಪಿಸಿದ್ದು. ಏಣೆಲು ಎಂಬ ಮಳೆಗಾಲದ ಬೆಳೆಗೆ ಮುಂಗಾರಿನ ನೀರು ಕಟ್ಟಿ ಉಳುವಾಗ ಕೋಣದ ಅಗಲವಾದ ಸೀಳುಗೊರಸು ಕೆಸರಿನಲ್ಲಿ ಹರಡಿ ನಿಲ್ಲುತ್ತದೆ. ಕುದುರೆಯ ಒಂಟಿ ಗೊರಸಿಗೆ ಆ ಅನುಕೂಲವಿಲ್ಲ. ಹಗುರವಾದ ನೇಗಿಲನ್ನು ಹೆಗಲಿಗೇರಿಸಿ ಕಿರಿದಾದ ಹುಣಿಯ (ಬದುವಿನ) ಮೇಲೆ ಮುಂದಿನ ಗದ್ದೆಗೆ ಒಯ್ಯಬಹುದು.

ಕಬ್ಬಿಣದ ನೇಗಿಲು ಇನ್ನೂ ಆಳಕ್ಕೆ ಉಳುತ್ತದಲ್ಲ ಎಂಬ ಆಕ್ಷೇಪ ಸಹಜ. ಒಣಹೊಲಕ್ಕೆ ಆ ಮಾತು ಸಲ್ಲಬಹುದು. ಭತ್ತದ ಗದ್ದೆಯಲ್ಲಿ ಮೇಲ್ಮಣ್ಣು ಕೆಸರಾಗಬೇಕು, ಅಡಿಯ ಗಟ್ಟಿ ಪದರ ಉಳಿಯಬೇಕು. ಅದು ಒಡೆದರೆ ನೀರು ಇಂಗಿಹೋಗುತ್ತದೆ. ನೇಗಿಲು ಸಡಿಲಿಸಿದ ಮಣ್ಣನ್ನು ಹಲಗೆ ಸಮಮಾಡಿ ನೇಜಿ (ಭತ್ತದ ಸಸಿ) ನೆಡಲು ಹದಗೊಳಿಸುತ್ತದೆ. ಭಾರತದ ಬೇಸಾಯವನ್ನು ಪರಿಶೀಲಿಸಿದ ರಸಾಯನತಜ್ಞ ಜಾನ್ ಅಗಸ್ಟಸ್ ವೋಲ್ಕರ್ ಕೂಡ 1893ರ ವರದಿಯಲ್ಲಿ ಇಲ್ಲಿನ ನೇಗಿಲನ್ನು ಹಗುರವಾಗಿ ಕಾಣಲಿಲ್ಲ. ಇಂದು ಉಳುಮೆ ಟಿಲ್ಲರಿನದು. ಆದರೂ ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಕಂಬಳದ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ವಿಭಾಗಗಳಲ್ಲಿ ಗದ್ದೆಯ ಆ ಅರಿವು ಉಸಿರಾಡುತ್ತಿದೆ.