ಸಹಿ ರಾಜಧಾನಿಯದು, ಹೊಲ ರೈತನದು

ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಪೈಪು ರೈತರ ಹೊಲಗಳ ಅಡಿಯಲ್ಲೇ ಹೋಗಿದೆ. ಹಾಗಾಗಿ ಅಮೆರಿಕದ ರೈತರು ತೈಲದ ಪೈಪಿನ ವಿರುದ್ಧ ನಿಂತ ಕಥೆ ನಮಗೆ ದೂರದ್ದಲ್ಲ.

ಆ ಯೋಜನೆಯ ಹೆಸರು ಕೀಸ್ಟೋನ್ ಎಕ್ಸ್‌ಎಲ್. 2008ರಲ್ಲಿ ಟ್ರಾನ್ಸ್‌ಕೆನಡಾ ಕಂಪನಿ ಅರ್ಜಿ ಹಾಕಿತು. ಕೆನಡಾದ ಹಾರ್ಡಿಸ್ಟಿಯಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದವರೆಗಿನ ಸುಮಾರು 1,900 ಕಿ.ಮೀ. ಭಾಗದ ಮೇಲೆಯೇ ದೊಡ್ಡ ಜಗಳ. ದಿನಕ್ಕೆ 8,30,000 ಬ್ಯಾರೆಲ್ ಕಚ್ಚಾ ತೈಲ ಹರಿಸುವ ಲೆಕ್ಕವಿತ್ತು. ದೇಶದ ಗಡಿ ದಾಟುವ ಪೈಪಾದ್ದರಿಂದ ಅಮೆರಿಕ ಅಧ್ಯಕ್ಷರ ಅನುಮತಿ ಬೇಕಿತ್ತು.

ಪರವಾಗಿದ್ದವರ ಮಾತಿನಲ್ಲೂ ಹುರುಳಿತ್ತು. ದೂರದ ದೇಶಗಳ ತೈಲಕ್ಕಿಂತ ನೆರೆಯವರ ತೈಲ ಮೇಲು, ಸಾವಿರಾರು ಜನರಿಗೆ ಕೆಲಸ ಸಿಗುತ್ತದೆ ಎಂದರು. ಪೈಪು ಬೇಡವೆಂದರೆ ತೈಲ ರೈಲಿನಲ್ಲಿ ಬರುತ್ತದೆ ಎಂದೂ ಹೇಳಿದರು. 2013ರ ಜುಲೈನಲ್ಲಿ ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ ಕಚ್ಚಾ ತೈಲದ ರೈಲು ಹಳಿತಪ್ಪಿ ಹೊತ್ತಿ ಉರಿದು 47 ಜನ ಸತ್ತಿದ್ದರು.

ರೈತರ ಚಿಂತೆ ನೀರಿನದು. ನೆಬ್ರಾಸ್ಕಾದ ಕುಡಿಯುವ ನೀರು, ಬೆಳೆಯ ನೀರು ಬಹುಪಾಲು ಓಗಲಾಲಾ ಎಂಬ ಅಂತರ್ಜಲದ್ದು. ಪೈಪು ಅದರ ಮೇಲೇ ಹಾಯಬೇಕಿತ್ತು. ಕಟ್ಟುವ ಕೆಲಸ ಮುಗಿದ ಮೇಲೆ ಉಳಿಯುವ ಉದ್ಯೋಗ ಸುಮಾರು 50 ಎಂದು 2014ರ ಸರ್ಕಾರಿ ವರದಿಯೇ ಹೇಳಿತು. ಜಮೀನು ಬಿಟ್ಟುಕೊಡದವರ ಮೇಲೆ ಕಂಪನಿ 2015ರಲ್ಲಿ ಕೋರ್ಟಿಗೆ ಹೋಯಿತು.

ಆ ನೆಲಕ್ಕೆ ಹಳೆಯ ಗಾಯವೂ ಇತ್ತು. 1877ರಲ್ಲಿ ಸರ್ಕಾರ ಪೊಂಕಾ ಬುಡಕಟ್ಟಿನವರನ್ನು ನೆಬ್ರಾಸ್ಕಾದಿಂದ ಹೊರಗಟ್ಟಿತ್ತು. ಅವರು ನಡೆದುಹೋದ ದಾರಿಯಲ್ಲಿದ್ದ ಒಂದು ಹೊಲ ಪೈಪಿನ ದಾರಿಗೂ ಬಿತ್ತು. ಆ ಹೊಲದ ರೈತ ದಂಪತಿ ಪೊಂಕಾ ಜನರ ಜೊತೆ ಸೇರಿ ಅವರ ಪವಿತ್ರ ಮೆಕ್ಕೆಜೋಳ ಬಿತ್ತಿದರು. 2018ರಲ್ಲಿ ಆ ತುಂಡು ನೆಲವನ್ನೇ ಅವರ ಹೆಸರಿಗೆ ಬರೆದುಕೊಟ್ಟರು.

2015ರಲ್ಲಿ ಒಬಾಮ ಯೋಜನೆಯನ್ನು ತಿರಸ್ಕರಿಸಿದರು. 2017ರಲ್ಲಿ ಟ್ರಂಪ್ ಸರ್ಕಾರ ಒಪ್ಪಿತು. 2021ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ, ಬೈಡನ್ ರದ್ದು ಮಾಡಿದರು. ಜೂನ್‌ನಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ, ಮೊದಲೇ ಇದ್ದ ಕೀಸ್ಟೋನ್ ಪೈಪು ಕ್ಯಾನ್ಸಸ್‌ನಲ್ಲಿ ಒಡೆದು ಸುಮಾರು 13,000 ಬ್ಯಾರೆಲ್ ತೈಲ ಹೊರಚೆಲ್ಲಿತು. ರೈತರ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಮೂರೂ ಸಲ ತೀರ್ಮಾನವಾದದ್ದು ರಾಜಧಾನಿಯಲ್ಲಿ. ಆದರೆ ಹದಿಮೂರು ವರ್ಷ ಆ ಪ್ರಶ್ನೆಯನ್ನು ಸಾಯಲು ಬಿಡದವರಲ್ಲಿ ಹೊಲದವರೂ ಇದ್ದರು. ನಮ್ಮ 1962ರ ಪೈಪ್‌ಲೈನ್ ಕಾಯ್ದೆಯಲ್ಲಿ ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. ಆದರೆ ಪೈಪು ಹೋದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆಕ್ಷೇಪಣೆ ಸಲ್ಲಿಸಲು ಅಧಿಸೂಚನೆಯ ದಿನದಿಂದ 21 ದಿನ ಮಾತ್ರ. ಊರಿಗೆ ಅಂಥ ಕಾಗದ ಬಂದರೆ ಮೊದಲು ತಾರೀಖು ನೋಡೋಣ.