ಗೂಗಲ್‌ಗೂ ಮೊದಲು ಹುಡುಕಿದವರು: ಸಹಿ ಇಲ್ಲದ ಒಂದು ಒಪ್ಪಂದದ ಕಥೆ

 

ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ನಿಮ್ಮ ಫೋನ್‌ನಲ್ಲಿ 'ಅಕ್ಕಿ ರೊಟ್ಟಿ ಮಾಡೋದು ಹೇಗೆ' ಅಂತ ಹುಡುಕ್ತೀರಿ ಅಂದ್ಕೊಳ್ಳಿ. ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಹಾಜರ್. ಆದ್ರೆ ಆ ರೊಟ್ಟಿ ತಟ್ಟಿದ್ದು ಸರ್ಚ್ ಎಂಜಿನ್ ಅಲ್ಲ. ಎಲ್ಲೋ ಯಾರೋ ಒಬ್ಬರು ಹಿಟ್ಟು ಕಲಸಿ, ಫೋಟೊ ತೆಗೆದು, ಅಳತೆ ಬರೆದು ತಮ್ಮ ವೆಬ್‌ಸೈಟ್‌ಗೆ ಹಾಕಿದ್ದಾರೆ. ಪ್ರತಿ ವರ್ಷ ಡೊಮೈನ್‌ಗೆ, ಹೋಸ್ಟಿಂಗ್‌ಗೆ ಕೈಯಿಂದ ದುಡ್ಡು ಕಟ್ಟುತ್ತಿದ್ದಾರೆ. ಅವರ ಪುಟ ನಿಮಗೆ ಮೊದಲು ಕಾಣಬೇಕಾ, ಇಲ್ಲ ಮೂರನೇ ಪುಟದಲ್ಲಿ ಹೂತುಹೋಗಬೇಕಾ ಅಂತ ತೀರ್ಮಾನ ಮಾಡೋದು ಮಾತ್ರ ಅವರಲ್ಲ.

ಈ ಇಬ್ಬರ ನಡುವೆ ಒಂದು ಒಪ್ಪಂದ ಇದೆ. 'ನನ್ನ ಪುಟಗಳನ್ನ ಓದ್ಕೋ, ನಕಲು ಇಟ್ಕೋ. ಬದಲಿಗೆ ಓದುಗರನ್ನ ನನ್ನ ಬಾಗಿಲಿಗೆ ಕಳಿಸು.' ಇಷ್ಟೇ. ಕಾಗದ ಇಲ್ಲ, ಸಹಿ ಇಲ್ಲ. ಸರ್ಚ್ ಎಂಜಿನ್‌ಗಳ ಇತಿಹಾಸ ಅಂದ್ರೆ ಬಹುಪಾಲು ಈ ಒಪ್ಪಂದದ ಇತಿಹಾಸವೇ.

ಹೆಸರು ಗೊತ್ತಿದ್ರೆ ಮಾತ್ರ ಹುಡುಕಬಹುದು

1990. ಕೆನಡಾದ ಮಾಂಟ್ರಿಯಲ್ ನಗರ, ಮೆಕ್‌ಗಿಲ್ ವಿಶ್ವವಿದ್ಯಾಲಯ. ಬಾರ್ಬಡೋಸ್‌ನಿಂದ ಓದಲು ಬಂದಿದ್ದ ಅಲನ್ ಎಮ್‌ಟೇಜ್ ಅಲ್ಲಿನ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತಿದ್ದರು. ಉಚಿತ ಸಾಫ್ಟ್‌ವೇರ್ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಅವರನ್ನೇ ಕೇಳೋರು. ಆಗ ವೆಬ್ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಫೈಲ್‌ಗಳು ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳಲ್ಲಿ, ಉಗ್ರಾಣದಲ್ಲಿ ಮೂಟೆ ಇಟ್ಟ ಹಾಗೆ ಬಿದ್ದಿರುತ್ತಿದ್ದವು. ಎಮ್‌ಟೇಜ್ ಒಂದು ಪ್ರೋಗ್ರಾಂ ಬರೆದರು. ಅದು ಆ ಉಗ್ರಾಣಗಳಿಗೆಲ್ಲ ತಾನೇ ಹೋಗಿ, ಫೈಲ್‌ಗಳ ಪಟ್ಟಿ ತಂದು ಒಂದೇ ಕಡೆ ಇಡುತ್ತಿತ್ತು. ಅದರ ಹೆಸರು 'ಆರ್ಚಿ'. ಸರ್ಚ್ ಎಂಜಿನ್‌ಗಳ ಮುತ್ತಜ್ಜ ಅಂತ ಸಾಮಾನ್ಯವಾಗಿ ಹೇಳೋದು ಇದನ್ನೇ.

ಒಂದೇ ತೊಂದರೆ: ಆರ್ಚಿಗೆ ಗೊತ್ತಿದ್ದದ್ದು ಫೈಲ್‌ಗಳ ಹೆಸರು ಮಾತ್ರ. ಒಳಗೆ ಏನಿದೆ ಅನ್ನೋದು ಗೊತ್ತಿರಲಿಲ್ಲ.

ನಂತರ ವೆಬ್ ಬಂತು. ಶುರುವಿನಲ್ಲಿ ವೆಬ್ ಎಷ್ಟು ಚಿಕ್ಕದಿತ್ತು ಅಂದ್ರೆ, ಹೊಸ ಸರ್ವರ್‌ಗಳ ಪಟ್ಟಿಯನ್ನ ಅದನ್ನು ಸೃಷ್ಟಿಸಿದ ಟಿಮ್ ಬರ್ನರ್ಸ್-ಲೀ ಅವರೇ ಕೈಯಲ್ಲಿ ಬರೆದಿಡುತ್ತಿದ್ದರು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ತಮಗಿಷ್ಟವಾದ ಸೈಟ್‌ಗಳನ್ನ ವಿಷಯವಾರು ಜೋಡಿಸೋಕೆ ಶುರು ಮಾಡಿದರು. ಅದೇ ಮುಂದೆ ಯಾಹೂ ಆಯ್ತು. ಅಲ್ಲಿ ಸೈಟ್ ಸೇರಿಸಬೇಕಾ ಬೇಡವಾ ಅಂತ ನೋಡುತ್ತಿದ್ದವರು ಮನುಷ್ಯರು. ಸೈಟ್ ಮಾಲೀಕರು ಅರ್ಜಿ ಹಾಕಿ ಕಾಯಬೇಕಿತ್ತು. ಕೆಲವು ವರ್ಷಗಳ ನಂತರ ವ್ಯಾಪಾರದ ಸೈಟ್‌ಗಳು ವರ್ಷಕ್ಕೆ 299 ಡಾಲರ್ ಕಟ್ಟುವ ಪರಿಸ್ಥಿತಿ ಬಂತು. ಅಂದ್ರೆ ಕಾಣಿಸಿಕೊಳ್ಳೋದಕ್ಕೆ ಬೆಲೆ ಅನ್ನೋದು ಹೊಸ ವಿಷಯ ಏನಲ್ಲ.

ಪುಸ್ತಕದ ಕೊನೆಯ ಪುಟದ ಉಪಾಯ

ಅದೇ 1994ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬ್ರಯಾನ್ ಪಿಂಕರ್‌ಟನ್ 'ವೆಬ್‌ಕ್ರಾಲರ್' ಬಿಟ್ಟರು. ಆಗ ಅದರಲ್ಲಿದ್ದದ್ದು ಸುಮಾರು 4,000 ಸೈಟ್‌ಗಳ ಪುಟಗಳು. ಆದ್ರೆ ಇದು ಪುಟದ ಶೀರ್ಷಿಕೆ ಮಾತ್ರ ಅಲ್ಲ, ಪುಟದಲ್ಲಿರೋ ಪ್ರತಿ ಪದವನ್ನೂ ಓದುತ್ತಿತ್ತು.

ಹೇಗೆ? ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇವತ್ತಿನ ಸರ್ಚ್ ಕೂಡ ಇದೇ ತಳಪಾಯದ ಮೇಲೆ ನಿಂತಿದೆ. ಮೂರು ಹೆಜ್ಜೆ. ಮೊದಲನೆಯದು, ಕ್ರಾಲರ್ ಅನ್ನೋ ಪ್ರೋಗ್ರಾಂ ಒಂದು ಪುಟದಿಂದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗ್ತಾ, ಸಿಕ್ಕಿದ್ದನ್ನೆಲ್ಲ ನಕಲು ಮಾಡಿಕೊಳ್ಳುತ್ತೆ. ಎರಡನೆಯದು, ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತಲ್ಲ, ಅಂಥದ್ದೊಂದನ್ನ ಕಟ್ಟುತ್ತೆ. 'ಅಕ್ಕಿ' 3, 17, 42ನೇ ಪುಟಗಳಲ್ಲಿದೆ. 'ರೊಟ್ಟಿ' 17, 42, 90ರಲ್ಲಿದೆ. ಎರಡೂ ಇರೋದು 17 ಮತ್ತು 42. ನೀವು ಹುಡುಕಿದಾಗ ಅದು ಇಡೀ ವೆಬ್ ತಡಕಾಡೋದಿಲ್ಲ, ಈ ಪದಸೂಚಿ ತೆರೆದು ನೋಡುತ್ತೆ ಅಷ್ಟೇ. ಅದಕ್ಕೇ ಅಷ್ಟು ವೇಗ. ಮೂರನೆಯದು, 17 ಮೊದಲಾ 42 ಮೊದಲಾ ಅನ್ನೋ ಸಾಲು ಹಚ್ಚುವ ಕೆಲಸ. ಜಗಳ ಶುರುವಾಗೋದು ಇಲ್ಲೇ.

ಅದಕ್ಕೂ ಮುಂಚೆ ಇನ್ನೊಂದು ಜಗಳ ಇತ್ತು. ಹೇಳದೆ ಕೇಳದೆ ಬರೋ ಈ ರೋಬಾಟ್‌ಗಳು ಒಂದೇ ಸಮನೆ ಪುಟ ಕೇಳಿ ಕೇಳಿ ಸಣ್ಣ ಸರ್ವರ್‌ಗಳನ್ನ ಸುಸ್ತು ಮಾಡುತ್ತಿದ್ದವು. 1994ರಲ್ಲೇ ಮಾರ್ಟೈನ್ ಕೋಸ್ಟರ್ ಅನ್ನೋ ಎಂಜಿನಿಯರ್ ಒಂದು ಸರಳ ಪರಿಹಾರ ಸೂಚಿಸಿದರು. ಸೈಟ್‌ನ ಬಾಗಿಲಲ್ಲಿ 'ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ' ಅನ್ನೋ ಸಣ್ಣ ಫೈಲ್ ಇಡಿ. 'ಇಲ್ಲಿ ಬನ್ನಿ, ಅಲ್ಲಿ ಬೇಡ' ಅಂತ ಬರೆದಿಡಿ. ರೋಬಾಟ್‌ಗಳು ಮೊದಲು ಅದನ್ನ ಓದಿ ಒಳಗೆ ಬರಲಿ.

ಗಮನಿಸಿ, ಅದು ಬೀಗ ಅಲ್ಲ. ಗೇಟಿಗೆ ನೇತುಹಾಕಿದ ಬೋರ್ಡ್. ಮರ್ಯಾದೆ ಇರೋರು ಓದ್ತಾರೆ, ಇಲ್ಲದವರು ನುಗ್ತಾರೆ. ಆದ್ರೂ ಇಡೀ ಉದ್ಯಮ ಆ ಬೋರ್ಡ್ ನಂಬಿಕೊಂಡೇ ಬೆಳೆಯಿತು. ಅದಕ್ಕೆ ಅಧಿಕೃತ ಇಂಟರ್ನೆಟ್ ಮಾನದಂಡದ ರೂಪ ಸಿಕ್ಕಿದ್ದು 2022ರಲ್ಲಿ, 28 ವರ್ಷ ಆದ್ಮೇಲೆ!

ಊರಿನವರು ಯಾರ ಮನೆ ತೋರಿಸ್ತಾರೆ?

ಈಗ ಸಾಲು ಹಚ್ಚೋ ವಿಷಯಕ್ಕೆ ಬರೋಣ. 1995ರ ಕೊನೆಯಲ್ಲಿ ಬಂದ ಆಲ್ಟಾವಿಸ್ಟಾ ತುಂಬಾ ವೇಗವಾಗಿತ್ತು. ಆದ್ರೆ ಆ ಕಾಲದ ಎಂಜಿನ್‌ಗಳು ಹೆಚ್ಚಾಗಿ ನೋಡುತ್ತಿದ್ದದ್ದು ಪುಟದಲ್ಲಿ ಪದ ಎಲ್ಲಿದೆ, ಎಷ್ಟು ಸಲ ಇದೆ ಅನ್ನೋದನ್ನ. ಇದು ಗೊತ್ತಾದ ಕೂಡಲೇ ಕೆಲವರು ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನ ನೂರಾರು ಸಲ ಬರೆದರು. ಓದುಗರಿಗೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ.

1996ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಬೇರೆ ದಾರಿ ಹಿಡಿದರು. ಹೊಸ ಊರಿಗೆ ಹೋಗಿ 'ಒಳ್ಳೆ ಡಾಕ್ಟರ್ ಯಾರು' ಅಂತ ಕೇಳಿ ನೋಡಿ. ಡಾಕ್ಟರ್ ತಮ್ಮ ಬಗ್ಗೆ ಬೋರ್ಡಿನಲ್ಲಿ ಏನು ಬರ್ಕೊಂಡಿದ್ದಾರೆ ಅನ್ನೋದಕ್ಕಿಂತ, ಊರಿನ ಜನ ಯಾರ ಮನೆ ಕಡೆ ಕೈ ತೋರಿಸ್ತಾರೆ ಅನ್ನೋದು ಮುಖ್ಯ. ಅದರಲ್ಲೂ ಹತ್ತು ಜನ ನಂಬೋ ಮೇಷ್ಟ್ರು ತೋರಿಸಿದ್ರೆ ತೂಕ ಇನ್ನೂ ಜಾಸ್ತಿ. ವೆಬ್‌ನಲ್ಲಿ ಹಾಗೆ ಕೈ ತೋರಿಸೋದು ಅಂದ್ರೆ ಲಿಂಕ್. ಈ ಲೆಕ್ಕಾಚಾರಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರಿಟ್ಟರು. ವಿಜ್ಞಾನ ಲೇಖನಗಳ ಮಹತ್ವವನ್ನ, ಅವನ್ನ ಎಷ್ಟು ಜನ ಉಲ್ಲೇಖಿಸಿದ್ದಾರೆ ಅನ್ನೋದರಿಂದ ಅಳೆಯೋ ಪದ್ಧತಿ ಮೊದಲೇ ಇತ್ತು. ಅದೇ ಯೋಚನೆಯನ್ನ ಇವರು ವೆಬ್‌ಗೆ ತಂದರು. 1998ರಲ್ಲಿ ಗೂಗಲ್ ಕಂಪನಿ ಆಯ್ತು. ಆಗ ಅವರು ತಮ್ಮ ಸಂಶೋಧನಾ ಪ್ರಬಂಧದಲ್ಲಿ ಹೇಳಿಕೊಂಡಿದ್ದು 2.4 ಕೋಟಿ ಪುಟಗಳ ಲೆಕ್ಕ.

ಅದೇ ಪ್ರಬಂಧದ ಕೊನೆಯಲ್ಲಿ ಇನ್ನೊಂದು ಮಾತಿದೆ: ಜಾಹೀರಾತಿನ ದುಡ್ಡಿನಲ್ಲಿ ನಡೆಯೋ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆ ವಾಲುತ್ತೆ ಅನ್ನೋ ಎಚ್ಚರಿಕೆ. ಎರಡು ವರ್ಷ ಕಳೆದ ಮೇಲೆ, 2000ದ ಅಕ್ಟೋಬರ್‌ನಲ್ಲಿ, ಗೂಗಲ್ ತನ್ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಶುರು ಮಾಡಿತು.

ಲಿಂಕ್‌ಗೆ ಬೆಲೆ ಬಂತು ಅಂದ ಕೂಡಲೇ ಲಿಂಕ್ ಮಾರೋರೂ ಹುಟ್ಟಿಕೊಂಡರು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು. ಅಮೆರಿಕದ ದೊಡ್ಡ ಅಂಗಡಿ ಜಾಲ ಜೆ. ಸಿ. ಪೆನ್ನಿಯ ಸೈಟ್‌ಗೆ, ಏನೇನೂ ಸಂಬಂಧ ಇಲ್ಲದ ಸಾವಿರಾರು ಪುಟಗಳಿಂದ ಲಿಂಕ್‌ಗಳು ಬಂದಿದ್ದವು. ತಮಗೇನೂ ಗೊತ್ತಿಲ್ಲ ಅಂತ ಕಂಪನಿ ಹೇಳಿತು. ಗೂಗಲ್ ಕ್ರಮ ತಗೊಂಡ ಸಂಜೆ, ಒಂದು ಬ್ರ್ಯಾಂಡಿನ ಸೂಟ್‌ಕೇಸ್ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದ ಅವರ ಪುಟ ಎರಡೇ ಗಂಟೆಯಲ್ಲಿ 71ಕ್ಕೆ ಬಿತ್ತು.

ಅದೇ ತಿಂಗಳು ಗೂಗಲ್ 'ಪಾಂಡಾ' ಅನ್ನೋ ಬದಲಾವಣೆ ತಂದು, ಜೊಳ್ಳು ಲೇಖನಗಳ ಸೈಟ್‌ಗಳನ್ನ ಕೆಳಗೆ ತಳ್ಳಿತು. ಅಮೆರಿಕದ ಹುಡುಕಾಟಗಳಲ್ಲಿ 11.8% ಮೇಲೆ ಪರಿಣಾಮ ಆಯ್ತು ಅಂತ ಗೂಗಲ್ಲೇ ಹೇಳಿತು. ಜೊಳ್ಳಿನ ಜೊತೆ ಒಂದಿಷ್ಟು ಕಾಳೂ ಹಾರಿಹೋಯ್ತು ಅಂತ ಹಲವು ಸಣ್ಣ ಮಾಲೀಕರು ದೂರಿದರು. ದೊಡ್ಡ ಅಂಗಡಿ ಬಿದ್ರೆ ಎದ್ದು ನಿಲ್ಲುತ್ತೆ. ಒಬ್ಬರೇ ನಡೆಸೋ ಸೈಟ್‌ಗೆ ಓದುಗರು ಒಂದು ರಾತ್ರಿಯಲ್ಲಿ ಅರ್ಧ ಆದ್ರೆ, ಆ ತಿಂಗಳ ಆದಾಯವೂ ಅರ್ಧ. ಯಾಕೆ ಅಂತ ಕೇಳೋಕೆ ಕೌಂಟರ್ ಇಲ್ಲ.

ಕನ್ನಡ ಕಾಣದೇ ಇದ್ದ ಕಾಲ

ಇಲ್ಲಿ ನಮ್ಮ ಮನೆ ಕಥೆಯೂ ಇದೆ. ಗೂಗಲ್ ನ್ಯೂಸ್ ಕಟ್ಟಿದ್ದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೃಷ್ಣ ಭರತ್. 2001ರ ಸೆಪ್ಟೆಂಬರ್ 11ರ ದಾಳಿಯ ಸುದ್ದಿಯನ್ನ ಬೇರೆ ಬೇರೆ ಪತ್ರಿಕೆಗಳಲ್ಲಿ ಹುಡುಕಿ ಓದೋ ಕಷ್ಟ ನೋಡಿ, ಒಂದೇ ಘಟನೆಯ ವರದಿಗಳನ್ನ ತಾನಾಗಿ ಒಟ್ಟು ಸೇರಿಸೋ ವ್ಯವಸ್ಥೆ ಮಾಡಿದರು. 2002ರಲ್ಲಿ ಅದು ಜನರಿಗೆ ಸಿಕ್ಕಿತು.

ಬೆಂಗಳೂರಿನವರು ಜಗತ್ತಿನ ಸುದ್ದಿ ಜೋಡಿಸುತ್ತಿದ್ದ ಹೊತ್ತಿನಲ್ಲಿ ಕನ್ನಡದ ಸೈಟ್‌ಗಳ ಪಾಡೇನಿತ್ತು? ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಬಂದಿತ್ತು. ಕನ್ನಡ ಸೈಟ್‌ಗಳು ಒಂದೊಂದಾಗಿ ಹುಟ್ಟುತ್ತಿದ್ದವು. ಆದ್ರೆ ಆಗ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಫಾಂಟ್, ಒಂದೊಂದು ಸಂಕೇತ. ಪರದೆ ಮೇಲೆ ನಿಮಗೆ 'ಕನ್ನಡ' ಅಂತ ಕಂಡರೂ, ಒಳಗೆ ಕಂಪ್ಯೂಟರ್ ಇಟ್ಟುಕೊಂಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಂಪು. ಕ್ರಾಲರ್‌ಗೆ ಕಣ್ಣಿಲ್ಲ, ಅದು ಓದೋದು ಒಳಗಿನ ಸಂಕೇತವನ್ನ. ಹಾಗಾಗಿ ಆ ಲೇಖನಗಳು ವೆಬ್‌ನಲ್ಲಿದ್ದೂ ಪದಸೂಚಿಯಲ್ಲಿ ಇರಲಿಲ್ಲ.

ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಯೂನಿಕೋಡ್ ಸಂಕೇತ ಬಳಕೆಗೆ ಬಂದ ಮೇಲೆ ಬಾಗಿಲು ತೆರೆಯಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಆದ್ರೆ ಹಳೇ ಫಾಂಟ್‌ನ ಎಷ್ಟೋ ಪಿಡಿಎಫ್‌ಗಳು, ಸ್ಕ್ಯಾನ್ ಮಾಡಿದ ಎಷ್ಟೋ ಆದೇಶಗಳು ಇವತ್ತಿಗೂ ಹುಡುಕಿದರೆ ಸಿಗಲ್ಲ. ಸುಂದರವಾದ ಪೋಸ್ಟರ್ ಒಳಗೆ ಇಡೀ ಬರಹ ತುಂಬಿಸಿ ಸೈಟ್‌ಗೆ ಹಾಕೋರು ಇದನ್ನ ನೆನಪಿಟ್ಕೊಬೇಕು.

ಒಪ್ಪಂದ ಈಗ ಎಲ್ಲಿದೆ?

2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಗೂಗಲ್ ಎಐ ಸಾರಾಂಶ ತೋರಿಸೋಕೆ ಶುರು ಮಾಡಿತು. ಹತ್ತಾರು ಪುಟ ಓದಿ, ಉತ್ತರವನ್ನ ಮೇಲೇ ಬರೆದುಕೊಡುತ್ತೆ. ಲಿಂಕ್‌ಗಳೂ ಇರ್ತವೆ. ಆದ್ರೆ ನೀರು, ಉಪ್ಪು, ಹಿಟ್ಟಿನ ಅಳತೆ ಅಲ್ಲೇ ಸಿಕ್ಕ ಮೇಲೆ ಅಕ್ಕಿ ರೊಟ್ಟಿ ಮಾಡಿದವರ ಬಾಗಿಲಿಗೆ ನೀವು ಹೋಗ್ತೀರಾ? ಪ್ರಾಮಾಣಿಕವಾಗಿ ಹೇಳಿ.

1994ರ ಆ ಬೋರ್ಡ್ ಈಗ ಮತ್ತೆ ಸುದ್ದಿಯಲ್ಲಿದೆ. 2023ರಿಂದ ಕೆಲವು ಎಐ ಕಂಪನಿಗಳು ತಮ್ಮ ರೋಬಾಟ್‌ಗಳ ಹೆಸರು ಹೇಳಿ, ಬೇಡ ಅಂದ್ರೆ ರೋಬಾಟ್ಸ್ ಫೈಲ್‌ನಲ್ಲಿ ಬರೆಯಿರಿ ಅಂದವು. ಆದ್ರೆ ಹುಡುಕಾಟಕ್ಕೂ ಅದರ ಮೇಲಿನ ಸಾರಾಂಶಕ್ಕೂ ಪುಟ ಓದೋದು ಒಂದೇ ರೋಬಾಟ್ ಆದಾಗ, ಬೇಡ ಅನ್ನೋದು ಕಷ್ಟ. ಸಾರಾಂಶ ನಿಲ್ಲಿಸೋಕೆ 'ನನ್ನ ಪುಟದ ತುಣುಕು ತೋರಿಸಬೇಡ' ಅನ್ನೋ ಸೂಚನೆ ಹಾಕಬಹುದು. ಹಾಕಿದ್ರೆ ಮಾಮೂಲಿ ಫಲಿತಾಂಶದ ಕೆಳಗಿನ ಎರಡು ಸಾಲು ವಿವರಣೆಯೂ ಹೋಗುತ್ತೆ.

ಹಾಗಾದ್ರೆ ನಾಳೆ ಸೈಟ್ ಶುರು ಮಾಡೋರು ಏನು ಮಾಡಬೇಕು? ಈ ಮೂವತ್ತು ಚಿಲ್ಲರೆ ವರ್ಷದ ಕಥೆಯಲ್ಲೇ ಉತ್ತರ ಇದೆ. ಒಂದು, ಯಂತ್ರ ಓದೋ ಹಾಗೆ ಬರೆಯಿರಿ: ಯೂನಿಕೋಡ್ ಪಠ್ಯ, ವಿಷಯ ನೇರವಾಗಿ ಹೇಳೋ ಶೀರ್ಷಿಕೆ, ಫೋನ್‌ನಲ್ಲಿ ಬೇಗ ತೆರೆಯೋ ಪುಟ. ಎರಡು, ಯಂತ್ರಕ್ಕೋಸ್ಕರ ಬರೆಯಬೇಡಿ. ಬಿಳಿ ಅಕ್ಷರ, ಕೊಂಡ ಲಿಂಕ್, ಜೊಳ್ಳು ಲೇಖನ, ಈ ಮೂರೂ ಒಂದಷ್ಟು ದಿನ ಕೆಲಸ ಮಾಡಿದವು, ಆಮೇಲೆ ಕೈಕೊಟ್ಟವು. ಮೂರು, ಮನೆಗೆ ಒಂದೇ ಬಾಗಿಲು ಇಟ್ಕೊಬೇಡಿ. ಇಮೇಲ್, ವಾಟ್ಸ್‌ಆ್ಯಪ್ ಚಾನೆಲ್, ಹೆಸರು ನೆನಪಿಟ್ಟು ನೇರ ಬರೋ ಓದುಗರು, ಇವರನ್ನ ಯಾವ ಅಪ್‌ಡೇಟೂ 71ನೇ ಸ್ಥಾನಕ್ಕೆ ತಳ್ಳೋಕಾಗಲ್ಲ.

ಇನ್ನು ನಮ್ಮ ನಿಮ್ಮಂಥ ಹುಡುಕೋರಿಗೆ ಒಂದೇ ಮಾತು. ಮುಂದಿನ ಸಲ ಉತ್ತರ ಮೇಲೇ ಸಿಕ್ಕಾಗ, ಕೆಳಗಿರೋ ಲಿಂಕನ್ನೂ ಒಮ್ಮೆ ಒತ್ತಿ ನೋಡಿ. ಆ ಸಹಿ ಇಲ್ಲದ ಒಪ್ಪಂದದಲ್ಲಿ ಓದುಗರನ್ನ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದು ಸರ್ಚ್ ಎಂಜಿನ್. ಆದ್ರೆ ಹೋಗಬೇಕಾದೋರು ನಾವೇ.